ದೀಪಗಳಿಗೆ ಬಿಟ್ಟುಕೊಟ್ಟ ಮಾತು

ಕನ್ನಡದಲ್ಲಿ ಪ್ರೇಮಕ್ಕೆ ಬರವಿಲ್ಲ. ಗಂಡ ಹೆಂಡಿರ ಮೇಲೆ ಒಂದಾದರೂ ಪದ್ಯ ಬರೆಯದ ಕವಿ ಸಿಗೋದು ಕಷ್ಟ. ಆದರೆ ನಂಬಿಕೆ ಒಂದು ಸಲ ಮುರಿದ ಮೇಲೆ ಅದನ್ನು ಕೂಡಿಸಲಿಕ್ಕೆ ಇಬ್ಬರು ಎಳೆಯರು ಏನು ಮಾತಾಡಿದರು, ಎಲ್ಲಿ ಕೂತು ಮಾತಾಡಿದರು, ಯಾರು ಮೊದಲು ಬಾಯಿ ಬಿಟ್ಟರು ಎಂದು ಕೇಳಿದರೆ ನಮ್ಮ ಸಾಹಿತ್ಯ ತಡವರಿಸುತ್ತದೆ. ವಿಮರ್ಶಕರಿಗೆ ದಾಂಪತ್ಯ ಅಂದರೆ ಒಂದು ರಸ, ಇಲ್ಲವೇ ಒಂದು ಪ್ರತಿಮೆ. ನಮಗೆ ಹಾಗಲ್ಲ. ಹಾಸ್ಟೆಲಿನಲ್ಲಿ ಓದಿ, ಚಳವಳಿಯಲ್ಲಿ ಒಬ್ಬರನ್ನೊಬ್ಬರು ಕಂಡು, ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದ ಗೆಳೆಯರ ಬಾಡಿಗೆ ಕೋಣೆಗಳಲ್ಲಿ ಇದು ದಿನನಿತ್ಯದ ಪ್ರಶ್ನೆ. ಲಾಠಿಗೆ ಹೆದರದೆ ನಿಂತ ಜೋಡಿಗಳು ಒಂದು ಅನುಮಾನಕ್ಕೆ, ಬಾಯಿ ತಪ್ಪಿ ಬಂದ ಒಂದು ಪದಕ್ಕೆ ಒಡೆದುಹೋಗಿದ್ದನ್ನು ನಾವು ಕಂಡಿದ್ದೇವೆ. ಆದ್ದರಿಂದ ಕೆಲವು ಹಳೆಯ ಹೊಸ ಕೃತಿಗಳನ್ನು ಈ ಪ್ರಶ್ನೆ ಇಟ್ಟುಕೊಂಡೇ ಮತ್ತೆ ಓದಿ ನೋಡಿದೆವು.

ಮೊದಲು ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'. 1942ರ ಈ ಪುಸ್ತಕವನ್ನು ಬಾಯಿಪಾಠ ಮಾಡದ ಮೇಷ್ಟರುಗಳೇ ಇಲ್ಲ. ಅದರಲ್ಲಿ ಬಳೆಗಾರ ಚೆನ್ನಯ್ಯನ ಹಾಡು ಇದೆಯಲ್ಲ, ಅದು ಮುನಿಸು ತೀರಿಸುವ ಹಾಡು. ಹೆಂಡತಿ ತೌರಿನಲ್ಲಿದ್ದಾಳೆ. ಗಂಡ ಮಾವನ ಮೇಲೆ ಸಿಟ್ಟಾಗಿ ಅತ್ತ ಹೋಗದೆ ಕೂತಿದ್ದಾನೆ. ಚೆನ್ನಯ್ಯ ಬಾಗಿಲಲ್ಲಿ ನಿಂತು, ಒಳಗೆ ಬರಲು ಅಪ್ಪಣೆ ಕೇಳಿ, ಅವಳ ಸ್ಥಿತಿಯನ್ನೆಲ್ಲ ಹೇಳಿ, ಮಾವನ ಮೇಲಿನ ಕೋಪಕ್ಕೆ ಮಗಳನ್ನು ಯಾಕೆ ಶಿಕ್ಷಿಸುತ್ತೀರಿ ಅನ್ನುವ ಅರ್ಥದಲ್ಲಿ ಕೇಳುತ್ತಾನೆ. ಪದ್ಯ ಚೆನ್ನಾಗಿದೆ, ಅದನ್ನು ನಾವು ಇಲ್ಲ ಅನ್ನೋದಿಲ್ಲ. ಆದರೆ ಮುರಿದದ್ದನ್ನು ಕೂಡಿಸುವ ಮಾತು ಯಾರ ಬಾಯಲ್ಲಿದೆ ನೋಡಿ. ಗಂಡನ ಬಾಯಲ್ಲಿಲ್ಲ, ಹೆಂಡತಿಯ ಬಾಯಲ್ಲೂ ಇಲ್ಲ. ಊರೂರು ಮಲಾರ ಹೊತ್ತು ತಿರುಗುವ, ಒಳಗೆ ಬರಲು ಅಪ್ಪಣೆ ಬೇಕಾದ ಒಬ್ಬ ಬಡವನ ಬಾಯಲ್ಲಿದೆ. ಕೂಡಿಸುವ ಕೆಲಸ ಅವನದು, ಕೂಡುವ ಸುಖ ಅವರದು. ಈ ಚೆನ್ನಯ್ಯನಿಗೂ ಒಬ್ಬ ಹೆಂಡತಿ ಇದ್ದಿರಬೇಕಲ್ಲ? ಹದಿನೈದು ದಿನ ಊರು ಸುತ್ತಿ ಬಂದವನ ಮೇಲೆ ಅವಳೂ ಮುನಿಸಿಕೊಂಡಿರಬೇಕಲ್ಲ? ಅವಳಿಗೆ ಸಮಾಧಾನ ಹೇಳಲು ಯಾವ ಶಾನುಭೋಗರು ಬಾಗಿಲಿಗೆ ಬಂದರು? ಪದ್ಯ ಇದಕ್ಕೆ ಉತ್ತರ ಕೊಡಬೇಕಿಲ್ಲ. ಎಂಬತ್ತು ವರ್ಷದ ವಿಮರ್ಶೆ ಕೇಳಬಹುದಿತ್ತು.

ಮುನಿಸಿಗೂ ಆಸ್ತಿ ಬೇಕು. ಮುನಿಸಿಕೊಂಡು ಹೋಗಲು ಒಂದು ಹೊಟ್ಟೆ ಹೆಚ್ಚಾದರೂ ತಾಳುವ ತೌರು ಬೇಕು. ಮುಖ ತಿರುಗಿಸಿ ಮಲಗಲು ಇನ್ನೊಂದು ಕೋಣೆ ಬೇಕು. ಕೂಲಿಯವರ ಮನೆಯಲ್ಲಿ ಅತ್ತೆ, ಮಾವ, ನಾದಿನಿ, ಮಕ್ಕಳು, ಎರಡು ಮೇಕೆ ಎಲ್ಲ ಒಂದೇ ಸೂರಿನ ಕೆಳಗೆ. ಅಲ್ಲಿ ಜಗಳಕ್ಕೆ ಸಿಗುವ ಹೊತ್ತು ರಾತ್ರಿ ಮುದ್ದೆಯಿಂದ ಬೆಳಗಿನ ಕೂಲಿ ಕರೆ ತನಕ ಅಷ್ಟೆ. ಬೆಳಿಗ್ಗೆ ಇಬ್ಬರೂ ಒಂದೇ ಗದ್ದೆಗೆ ಇಳಿಯಬೇಕು. ಅಲ್ಲಿ ರಾಜಿಯ ರೀತಿಯೇ ಬೇರೆ. ಹೆಂಡತಿ ಒಲೆ ಮುಂದೆ ಕೂತು ಮಗುವಿಗೆ ಹೇಳುತ್ತಾಳೆ, "ಹೋಗ್ಲಾ, ನಿಮ್ಮಪ್ಪನ್ನ ಉಣ್ಣಕ್ಕೆ ಕರಿ." ನಿಮ್ಮಪ್ಪ ಕೂತಿರೋದು ನಾಲ್ಕು ಮಾರು ದೂರದಲ್ಲಿ. ಅವನಿಗೂ ಕೇಳಿಸಿದೆ. ಆದರೂ ಮಗು ಓಡಿಬಂದು ಹೇಳಬೇಕು, ಅವನು ಆಮೇಲೆ ಏಳಬೇಕು. ಇದನ್ನು ಹಳ್ಳಿಯಲ್ಲಿ ಪಾಠ ಹೇಳುವ ನಮ್ಮ ಮೇಷ್ಟರುಗಳು ಪ್ರತಿ ಸಂಜೆ ಕೇಳಿರುತ್ತಾರೆ. ಚೆನ್ನಯ್ಯನ ಕೆಲಸವನ್ನು ಇಲ್ಲಿ ಆರು ವರ್ಷದ ಕೂಸು ಮಾಡುತ್ತದೆ. ಆದರೆ ಇದನ್ನು ಜಾನಪದದ ಸೊಗಸು ಅಂತ ಹಾಡಿ ಹೊಗಳುವುದೂ ಬೇಡ. ಹಿಂದಿನ ರಾತ್ರಿ ಕುಡಿದು ಬಂದು ಹೊಡೆದಿದ್ದು ಯಾಕೆ ಅನ್ನುವ ಪ್ರಶ್ನೆ ಮುದ್ದೆಯ ಜೊತೆಗೇ ನುಂಗಿಹೋಗುತ್ತದೆ. ಜಗಳ ನಿಂತಿತು ಅಂದರೆ ನಂಬಿಕೆ ಬಂತು ಅಂತ ಅರ್ಥವಲ್ಲ.

ನವ್ಯರ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಗಂಡಸು ತನ್ನ ಜೊತೆ ತಾನೇ ಮಾತಾಡುವುದರಲ್ಲಿ ಮುಳುಗಿರುವುದರಿಂದ ಹೆಂಡತಿಗೆ ಸರದಿಯೇ ಬರುವುದಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ' (1965) ತೆಗೆದುಕೊಳ್ಳಿ. ಪ್ರಾಣೇಶಾಚಾರ್ಯರು ರೋಗಿ ಹೆಂಡತಿಯ ಸೇವೆಯನ್ನು ತಮ್ಮ ಮೋಕ್ಷದ ಮೆಟ್ಟಿಲು ಮಾಡಿಕೊಂಡವರು. ಅವಳನ್ನು ಮೀಯಿಸುತ್ತಾರೆ, ಗಂಜಿ ಕುಡಿಸುತ್ತಾರೆ. ತಮ್ಮ ತಲ್ಲಣವನ್ನು ಅವಳ ಮುಂದೆ ಇಟ್ಟು ಒಂದು ಮಾತು ಕೇಳುವ ಅಗತ್ಯ ಅವರಿಗೆ ಕಾಣುವುದಿಲ್ಲ. ಆಮೇಲೆ ಕೇಳೋಣ ಅಂದರೆ ಅವಳು ಪ್ಲೇಗಿಗೆ ಸತ್ತುಹೋಗುತ್ತಾಳೆ.

ನಮಗೆ ಇದಕ್ಕಿಂತ ಹೆಚ್ಚು ಕಲಿಸಿದ್ದು ಒಂದು ಪುಟ್ಟ ಜನಪದ ಕಥೆ. ಎ.ಕೆ. ರಾಮಾನುಜನ್ ಕನ್ನಡದಿಂದ ಎತ್ತಿಕೊಂಡು ತಮ್ಮ 1991ರ ಇಂಗ್ಲಿಷ್ ಸಂಗ್ರಹದಲ್ಲಿ ಸೇರಿಸಿದ ಕಥೆ ಅದು. ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಕೂತು ಕೂತು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ನಿದ್ದೆ ಹೋದಾಗ ಹೊರಗೆ ಹಾರಿದವು. ಕಥೆ ಒಂದು ಜೊತೆ ಜೋಡಾಯಿತು, ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ. ಯಾರು ಬಂದಿದ್ದಾರೆ ಅಂದ. ಯಾರೂ ಇಲ್ಲ ಅಂದಳು. ಮತ್ತೆ ಈ ಕೋಟು ಯಾರದು, ಈ ಜೋಡು ಯಾರದು? ಗೊತ್ತಿಲ್ಲ ಅಂದಳು. ಜಗಳವಾಯಿತು. ಅವನು ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಉರಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ಒಂದು ಉರಿ ತಡವಾಗಿ ಬಂತು. ಯಾಕೆ ಅಂದರೆ, ನಮ್ಮ ಮನೆಯಲ್ಲಿ ಗಂಡ ಹೆಂಡಿರ ಜಗಳ ಎಂದು ನಡೆದದ್ದೆಲ್ಲ ಹೇಳಿತು. ಗಂಡ ಕೇಳಿಸಿಕೊಂಡ. ಅನುಮಾನ ಹೋಯಿತು. ಬೆಳಗಾದ ಮೇಲೆ ಮನೆಗೆ ಬಂದು ನಿನ್ನ ಕಥೆ ಯಾವುದು, ನಿನ್ನ ಹಾಡು ಯಾವುದು ಅಂದ. ಅವಳಿಗೆ ಎರಡೂ ಮರೆತುಹೋಗಿದ್ದವು. ಯಾವ ಕಥೆ, ಯಾವ ಹಾಡು ಅಂದಳು.

ಕಥೆ ಹೇಳದೆ ಇಟ್ಟುಕೊಂಡರೆ ಅದು ಸೇಡು ತೀರಿಸಿಕೊಳ್ಳುತ್ತದೆ ಅನ್ನುವುದಕ್ಕೆ ಪಂಡಿತರು ಇದನ್ನು ಉದಾಹರಣೆ ಕೊಡುತ್ತಾರೆ. ಇರಬಹುದು. ನಾವು ಇದನ್ನು ಒಂದು ಗಂಡ ಹೆಂಡತಿಯ ಕಥೆಯಾಗಿಯೇ ಓದಿದೆವು. ಹೇಳದೆ ಉಳಿದ ಮಾತು ಬೇರೆ ಯಾವ ರೂಪವನ್ನೂ ತಾಳದೆ ಗಂಡಸಿನ ಜೋಡು, ಗಂಡಸಿನ ಕೋಟೇ ಆಗುವುದು ಯಾಕೆ? ಹೆಂಡತಿಯ ಒಳಗೆ ತನಗೆ ಗೊತ್ತಿಲ್ಲದ್ದು ಏನಿದ್ದರೂ ಅದು ಇನ್ನೊಬ್ಬ ಗಂಡಸೇ ಇರಬೇಕು ಅನ್ನುವುದು ಗಂಡನ ಕಣ್ಣು. ಅವಳೊಳಗೆ ಒಂದು ಹಾಡು ಇರಬಹುದು ಅಂತ ಅವನಿಗೆ ಹೊಳೆಯುವುದಿಲ್ಲ. ಮತ್ತೆ, ಸತ್ಯ ಅವನಿಗೆ ತಿಳಿದದ್ದು ಅವಳ ಬಾಯಿಂದಲ್ಲ. ಅವಳು ಗೊತ್ತಿಲ್ಲ ಅಂದಾಗ ನಂಬದವನು ದೀಪ ಹೇಳಿದಾಗ ನಂಬಿದ. ಅನುಮಾನ ಪರಿಹಾರವಾಯಿತು, ಸರಿ. ಆದರೆ ಅವನು ಕೇಳುವ ಹೊತ್ತಿಗೆ ಹೇಳಬೇಕಾದ್ದು ಅವಳಲ್ಲಿ ಉಳಿದಿರಲಿಲ್ಲ. ನಂಬಿಕೆ ಬಂದು ಹತ್ತಿರ ಬಾರದ ದಾಂಪತ್ಯ ಇದು. ಇಂಥ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ? ನೀನು ತಪ್ಪು ಮಾಡಿಲ್ಲ ಅಂತ ಗೊತ್ತಾಯಿತು ಅನ್ನುತ್ತಾನೆ ಅವನು, ಅದೇ ದೊಡ್ಡ ಉಡುಗೊರೆ ಅನ್ನುವ ಹಾಗೆ. ಅವಳು ಸುಮ್ಮನೆ ತಟ್ಟೆ ತೊಳೆಯುತ್ತಾಳೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಕಥೆಯ ಗಂಡನಿಗೆ ಸಿಟ್ಟು ಬಂದಾಗ ಹೋಗಿ ಮಲಗಲು ಹನುಮಂತನ ಗುಡಿ ಇತ್ತು. ನಮ್ಮ ಕೇರಿಯವನಾಗಿದ್ದರೆ ಒಳಗೆ ಕಾಲಿಡಲು ಬಿಡುತ್ತಿದ್ದರಾ? ಗುಡಿ ಹೊರಗಿನ ಮಳೆಯಲ್ಲಿ ಕೂತವನಿಗೆ ದೀಪಗಳ ಮಾತು ಹೇಗೆ ಕೇಳಿಸೀತು? ಸತ್ಯ ಕೇಳಿಸಿಕೊಳ್ಳಲಿಕ್ಕೂ ಈ ದೇಶದಲ್ಲಿ ಪ್ರವೇಶ ಬೇಕು.

ಈ ದೀಪಗಳು ಆಮೇಲೆ ಕನ್ನಡದಲ್ಲಿ ಎರಡು ಕಡೆ ಕಾಣಿಸಿಕೊಂಡವು. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ (1984) ಅವು ಜೋತಮ್ಮಗಳಾಗಿ ರಾತ್ರಿ ಕಲೆತು ತಮ್ಮ ತಮ್ಮ ಮನೆಯ ಸುಖದುಃಖ ಆಡಿಕೊಳ್ಳುತ್ತವೆ. ಅಲ್ಲಿ ಮಾತಾಡಬೇಕಾಗಿದ್ದ ಪ್ರೇಮಿಗಳ ಪೈಕಿ ಹುಡುಗನನ್ನು ಜಾತಿಯೇ ಕೊಂದುಹಾಕಿದೆ. ದೀಪಗಳು ಮಾತಾಡದೆ ಇನ್ಯಾರು ಮಾತಾಡಬೇಕು? ಕಾರ್ನಾಡರ 'ನಾಗಮಂಡಲ'ದಲ್ಲೂ (1988) ಉರಿಗಳು ಪಾಳುಗುಡಿಯಲ್ಲಿ ಸೇರುತ್ತವೆ. ಅಲ್ಲಿ ಅಪ್ಪಣ್ಣ ಹೆಂಡತಿಯನ್ನು ಮನೆಯಲ್ಲಿ ಹಾಕಿ ಬೀಗ ಜಡಿದು ಹೋಗುವವನು. ಅವನು ಅವಳ ಮುಂದೆ ತಲೆ ಬಾಗಿಸಲು ಪಂಚಾಯಿತಿ ಸೇರಬೇಕಾಯಿತು, ನಾಗರಹಾವು ಅವಳ ತಲೆ ಮೇಲೆ ಹೆಡೆ ಎತ್ತಬೇಕಾಯಿತು. ಹೆಂಡತಿಯ ಒಂದು ಸಾದಾ ಮಾತನ್ನು ನಂಬಲು ಗಂಡಸಿಗೆ ಪವಾಡ ಬೇಕು. ನಂಬಿದ ಮೇಲೂ ಅವಳು ಹೆಂಡತಿಯಾಗುವುದಿಲ್ಲ, ದೇವಿಯಾಗುತ್ತಾಳೆ. ದೇವಿಯ ಜೊತೆ ಯಾರು ಮನಸ್ಸು ಬಿಚ್ಚಿ ಮಾತಾಡುತ್ತಾರೆ?

ಇವತ್ತು ಆ ಜೋಡು, ಆ ಕೋಟು ಎರಡೂ ಒಂದು ಮೊಬೈಲಿನಲ್ಲಿ ಅಡಕವಾಗಿವೆ. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು ಬಸ್ಸು ತಪ್ಪಿ ತಡವಾಗಿ ಬಂದರೆ ಗಂಡ ಕೇಳುವ ಮೊದಲ ಮಾತು ಉಂಡೆಯಾ ಅಂತ ಅಲ್ಲ, ಫೋನ್ ಕೊಡು ಅಂತ. ಪಾಸ್‌ವರ್ಡ್ ಹೇಳುವುದೇ ಈಗ ಪಾತಿವ್ರತ್ಯದ ಪರೀಕ್ಷೆ. ಓದಿದ ಹುಡುಗರು ಇದಕ್ಕೆ ಒಂದು ಸಮಾನತೆಯ ವೇಷ ಹಾಕಿದ್ದಾರೆ. ನಿನ್ನದು ನಾನು ನೋಡುತ್ತೇನೆ, ನನ್ನದು ನೀನು ನೋಡು ಅನ್ನುತ್ತಾರೆ. ಇಬ್ಬರು ಪೊಲೀಸರು ಒಂದೇ ಕೋಣೆಯಲ್ಲಿ ಬಾಡಿಗೆ ಇದ್ದ ಹಾಗೆ. ಫೋನು ಪೂರ್ತಿ ಶೋಧಿಸಿ ಏನೂ ಸಿಗದೆ ಹೋದರೆ ಅವನಿಗೆ ಸಮಾಧಾನವಾಗುತ್ತದೆ, ಅವಳಿಗೆ ಅಲ್ಲ. ಅವಳಿಗೆ ಹೇಳಬೇಕಾಗಿದ್ದು ಬೇರೆಯೇ ಇತ್ತು. ಸೂಪರ್‌ವೈಸರ್ ಬೈದದ್ದು, ಪೀಸು ಮುಗಿಯದೆ ನೀರು ಕುಡಿಯಲೂ ಏಳದೆ ಇದ್ದದ್ದು, ಊರಿನ ಅವ್ವನಿಗೆ ಐನೂರು ರೂಪಾಯಿ ಕಳಿಸಿದ್ದನ್ನು ಹೇಗೆ ಹೇಳಲಿ ಅಂತ ಹೆದರಿದ್ದು. ಶೋಧನೆ ಮುಗಿಯುವ ಹೊತ್ತಿಗೆ ಅದೆಲ್ಲ ಮರೆತುಹೋಗಿರುತ್ತದೆ. ಯಾವ ಕಥೆ, ಯಾವ ಹಾಡು?

ಹಿಂದೆ ಇಂಥ ಮಾತನ್ನು ಹೆಂಗಸರು ರಾಗಿಕಲ್ಲಿಗೆ ಹೇಳುತ್ತಿದ್ದರು. ಬೀಸುವ ಪದಗಳಲ್ಲಿ ಗಂಡನ ಮೇಲಿನ ದೂರು ಎಷ್ಟಿದೆ ಅಂತ ನೋಡಿದವರಿಗೆ ಗೊತ್ತು. ಕೋಳಿ ಕೂಗುವ ಹೊತ್ತಿಗೆ ಕಲ್ಲು ತಿರುಗಿಸುತ್ತ ಕಲ್ಲಿಗೆ ಹೇಳುವುದು. ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ ಗಂಡನಿಗೂ ಅತ್ತೆಗೂ ಅದು ಕೇಳಲಿ ಅಂತಲೇ ಹೇಳುವುದು. ಎದ್ದು ಕೇಳಿದರೆ, ನಾನು ಪದ ಹೇಳಿದೆ ಅಂದರಾಯಿತು. ಇದು ಎಂಥ ಜಾಣತನ! ಆದರೆ 1931ರಲ್ಲಿ ಹಲಸಂಗಿಯ ಗೆಳೆಯರು ಈ ಪದಗಳನ್ನು ಮುತುವರ್ಜಿಯಿಂದ ಕೂಡಿಸಿ ಪುಸ್ತಕ ಮಾಡಿದಾಗ ಅದಕ್ಕೆ 'ಗರತಿಯ ಹಾಡು' ಅಂತ ಹೆಸರಿಟ್ಟರು. ಆ ಗೆಳೆಯರ ಉಪಕಾರ ದೊಡ್ಡದು. ಆ ಹೆಸರು ಮಾತ್ರ ನಮಗೆ ಒಪ್ಪಿಗೆಯಿಲ್ಲ. ದೂರು ಹೇಳಿದವಳನ್ನು ಮೊದಲು ಗರತಿ ಅಂತ ಪ್ರಮಾಣಪತ್ರ ಕೊಟ್ಟು ಆಮೇಲೆ ಅವಳ ಹಾಡು ಕೇಳಿದ ಹಾಗಾಯಿತು. ಈಗ ಊರಿಗೆ ಗಿರಣಿ ಬಂದಿದೆ, ಕಲ್ಲು ಮೂಲೆ ಸೇರಿದೆ. ಒಳ್ಳೆಯದೇ, ಹೆಂಗಸರ ತೋಳಿಗೆ ಬಿಡುವಾಯಿತು. ಕಲ್ಲಿಗೆ ಹೇಳುತ್ತಿದ್ದದ್ದನ್ನು ಈಗ ಯಾರಿಗೆ ಹೇಳುತ್ತಾಳೆ?

ಚೆನ್ನಯ್ಯ, ಕೂಸು, ದೀಪ, ಹಾವು, ಕಲ್ಲು. ಇಷ್ಟು ಜನರ ಮೂಲಕ ಮಾತಾಡಿದ ನಮ್ಮ ದಂಪತಿಗಳ ನಡುವೆ ಒಬ್ಬಳು ನೇರ ಗಂಡನಿಗೇ ಹೇಳಿದ್ದಾಳೆ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ.

ಲಕ್ಕಮ್ಮನನ್ನು ನಮ್ಮ ಪಠ್ಯಪುಸ್ತಕಗಳು ಹಾಳು ಮಾಡಿವೆ. ನಿರಾಸೆಯ ಶರಣೆ, ಬಡತನದಲ್ಲೂ ತೃಪ್ತಿ ಕಂಡವಳು ಅಂತ ಬರೆದು, ಬಡವರಿಗೆಲ್ಲ ಅವಳನ್ನು ತೋರಿಸಿ ಇದ್ದದ್ದರಲ್ಲಿ ಸುಖವಾಗಿರಿ ಎಂದು ಹೇಳುವುದಕ್ಕೆ ಬಳಸುತ್ತವೆ. ನಾವು ಅವಳ ವಚನಗಳನ್ನು ಜಗಳ ಅಂತ ಓದಿದೆವು. ನಡೆದದ್ದು ಇಷ್ಟು. ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಗಂಡ ಹೆಂಡತಿ. ಕೆಲಸ ಶರಣರ ಮನೆಗಳ ಮುಂದೆ ಚೆಲ್ಲಿದ ಅಕ್ಕಿ ಆಯುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಸವಣ್ಣನೇ ಪರೀಕ್ಷೆಗೆ ಹೆಚ್ಚು ಚೆಲ್ಲಿಸಿದ್ದ ಅಂತ ಐತಿಹ್ಯ ಹೇಳುತ್ತದೆ. ಲಕ್ಕಮ್ಮ ಅಕ್ಕಿ ನೋಡಿದಳು. ಖುಷಿಯಾಗಬೇಕಿತ್ತು. ಗಂಡನನ್ನು ಕೇಳಿದಳು.

ಅವಳು ಹೇಗೆ ಕೇಳಿದಳು ಅನ್ನುವುದನ್ನು ಗಮನಿಸಬೇಕು. ಅವನನ್ನು ಹೆಸರು ಹಿಡಿದು ಮಾರಯ್ಯಾ ಅಂತಲೇ ಕರೆಯುತ್ತಾಳೆ, ಬಹುವಚನವನ್ನೂ ಬಿಡುವುದಿಲ್ಲ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಗಂಡನ ಹೆಸರು ಹೇಳು ಅಂದರೆ ಹೆಂಡತಿ ಸೆರಗು ಕಚ್ಚಿಕೊಳ್ಳುತ್ತಾಳೆ. ಆಮೇಲೆ, ಇಷ್ಟೊಂದು ಯಾಕೆ ಅನ್ನುತ್ತಾಳೆ, ಆಸೆ ರಾಜರಿಗೆ ಇರಲಿ ಅನ್ನುತ್ತಾಳೆ. ನೀನು ಕಳ್ಳ ಅನ್ನುವುದಿಲ್ಲ. ಇದು ನಿಮ್ಮ ಮನಸ್ಸೋ, ಬಸವಣ್ಣನ ಅನುಮಾನವೋ ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ನಾವು ತಲೆಬಾಗಿದ್ದೇವೆ. ಗಂಡ ಹೆಂಡಿರ ನಡುವೆ ಬಿರುಕು ಬಂದಾಗ ಅದು ನಮ್ಮಿಬ್ಬರದಾ, ಇಲ್ಲಾ ಹೊರಗಿನವರು ಚೆಲ್ಲಿದ್ದಾ ಅಂತ ಬಿಡಿಸಿ ನೋಡುವ ಕಣ್ಣು ಅದು. ಹೊರಗಿನವನು ಬಸವಣ್ಣನಂಥ ದೊಡ್ಡವನೇ ಆದರೂ ಅವನ ಹೆಸರು ಹೇಳಲು ಅವಳಿಗೆ ಅಂಜಿಕೆಯಿಲ್ಲ. ಕೊನೆಗೆ ಅವಳು ಕೇಳುವ ಪರಿಹಾರವೂ ದೇವರಿಗೆ ತಪ್ಪುಕಾಣಿಕೆ ಹಾಕು ಅಂತಲ್ಲ, ನನ್ನ ಕಾಲು ಹಿಡಿ ಅಂತಲೂ ಅಲ್ಲ. ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಅನ್ನುತ್ತಾಳೆ. ಆಯ್ದುಕೊಳ್ಳುವಾಗ ಹತ್ತು ಜನ ನೋಡಿದ ಜಾಗದಲ್ಲೇ, ಹತ್ತು ಜನ ನೋಡುವಾಗಲೇ.

ಇನ್ನೊಂದು ವಚನದಲ್ಲಿ ಅವಳು ಕಾಯಕ ನಿಂತುಹೋಗಿದೆ, ಎದ್ದು ಹೋಗು ಅಂತ ಗಂಡನನ್ನು ಎಚ್ಚರಿಸುತ್ತಾಳೆ. ಮಾರಯ್ಯ ಶರಣರ ಮಾತುಕತೆಯಲ್ಲಿ ಮೈಮರೆತು ಕೂತಿದ್ದನಂತೆ. ಕಾಯಕವೇ ಕೈಲಾಸ ಅನ್ನುವ ಮಾತು ಬಸವಣ್ಣನದು ಅಂತ ಎಲ್ಲ ಸರ್ಕಾರಿ ಗೋಡೆಗಳ ಮೇಲೆ ಬರೆದಿದ್ದಾರೆ. ಅದು ಬರುವುದು ಈ ಮಾರಯ್ಯನ ವಚನದಲ್ಲಿ. ಹೆಂಡತಿ ಎಬ್ಬಿಸಿ ಕಳಿಸಿದ ಮೇಲೆ ಅವನಿಗೆ ಅದು ಹೊಳೆದಿರಬೇಕು ಅಂತ ನಮ್ಮ ಊಹೆ. ಶೂನ್ಯಸಂಪಾದನೆ ಈ ಜೋಡಿಗೆ ಒಂದು ಅಧ್ಯಾಯವನ್ನೇ ಕೊಟ್ಟಿದೆ. ಕಲ್ಯಾಣದ ಮಂತ್ರಿ ದಂಡನಾಯಕರ ನಡುವೆ ಅಕ್ಕಿ ಆಯುವ ಇಬ್ಬರಿಗೆ ಅಷ್ಟು ಜಾಗ ಸಿಕ್ಕಿತಲ್ಲ, ಅದಕ್ಕೆ ಅವರ ಭಕ್ತಿಯಷ್ಟೇ ಅವರ ಮಾತುಕತೆಯೂ ಕಾರಣ.

ಶರಣರ ಮಾತುಕತೆಯಲ್ಲಿ ಮೈಮರೆತು ಮನೆ ಮರೆತ ಗಂಡ. ಗೆಳೆಯರೆ, ಈ ಚಿತ್ರ ಎಲ್ಲೋ ನೋಡಿದ ಹಾಗಿಲ್ಲವಾ? 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಕಾವ್ಯ ಖಡ್ಗವಾಗಬೇಕು ಎಂದೆವು. ನಾವು ಆಗ ಹುಟ್ಟಿರಲಿಲ್ಲ, ಆದರೂ ಎಂದೆವು ಅಂತಲೇ ಹೇಳುತ್ತೇವೆ, ಯಾಕೆಂದರೆ ಅದು ನಮ್ಮ ಮಾತು. ಆ ಕಾವ್ಯದಿಂದ ನಮ್ಮ ಅಪ್ಪಂದಿರು ಗೌಡರ ಮುಂದೆ ತಲೆಯೆತ್ತಿ ಮಾತಾಡುವುದು ಕಲಿತರು. ಮನೆಯಲ್ಲಿ ಹೆಂಡತಿಯ ಮುಂದೆ ತಲೆ ತಗ್ಗಿಸಿ ಮಾತಾಡುವುದನ್ನು ಅದು ಕಲಿಸಲಿಲ್ಲ. ನಮ್ಮ ಪದ್ಯಗಳಲ್ಲಿ ಅವ್ವ ಇದ್ದಾಳೆ, ಬೆಟ್ಟದಷ್ಟು ದೊಡ್ಡವಳಾಗಿ ಇದ್ದಾಳೆ. ಅತ್ಯಾಚಾರಕ್ಕೆ ಸಿಕ್ಕ ತಂಗಿ ಇದ್ದಾಳೆ. ಹೆಂಡತಿ ಎಲ್ಲಿದ್ದಾಳೆ? ಅವಳು ಇರೋದು ಕರಪತ್ರ ಹಂಚಲು ಹೋದವನಿಗೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆಯಲಿಕ್ಕೆ. ಎರಡು ಗಂಟೆ ಭಾಷಣ ಮಾಡಿ ಬಂದವನಿಗೆ ಮನೆಯಲ್ಲಿ ಆಡಲು ಎರಡು ಮಾತು ಉಳಿದಿರುವುದಿಲ್ಲ. ದುಡ್ಡೆಲ್ಲಿ ಅಂತ ಕೇಳಿದರೆ ಚಳವಳಿಗೆ ಕೊಟ್ಟೆ ಅನ್ನುತ್ತಾನೆ. ಆ ಮಾತಿಗೆ ಎದುರು ಮಾತಿಲ್ಲ, ಅದೇ ಅದರ ಕ್ರೌರ್ಯ.

ಬಾಬಾಸಾಹೇಬರ ಬದುಕಿನಲ್ಲೂ ಈ ನೋವು ಇತ್ತು. ಅವರು ಪರದೇಶದಲ್ಲಿ ಓದುತ್ತಿದ್ದಾಗ ರಮಾಬಾಯಿ ಮುಂಬಯಿಯಲ್ಲಿ ಕಷ್ಟದಲ್ಲಿ ಸಂಸಾರ ನಡೆಸಿದರು, ಹೆತ್ತ ಐವರಲ್ಲಿ ನಾಲ್ವರು ಮಕ್ಕಳನ್ನು ಮಣ್ಣು ಮಾಡಿದರು, 1935ರ ಮೇ 27ರಂದು ತೀರಿಕೊಂಡರು. ಐದು ವರ್ಷದ ಮೇಲೆ, 1940ರಲ್ಲಿ, ಪಾಕಿಸ್ತಾನದ ಪ್ರಶ್ನೆ ಕುರಿತ ಪುಸ್ತಕವನ್ನು ಬಾಬಾಸಾಹೇಬರು ಮನೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದಲೇ ರಾಮುವಿನ ನೆನಪಿಗೆ ಅರ್ಪಿಸಿದರು. ಗೆಳೆಯರಿಲ್ಲದ, ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ತನ್ನ ಜೊತೆ ಸಂಕಟ ಪಡಲು ತಯಾರಿದ್ದವಳು ಅಂತ ಒಪ್ಪಿಕೊಂಡರು. ದೇಶದ ರಾಜಕೀಯ ಚರ್ಚಿಸುವ ಪುಸ್ತಕದ ಮೊದಲ ಪುಟದಲ್ಲಿ ಹೆಂಡತಿಯ ಲೆಕ್ಕ ಒಪ್ಪಿಸಿದ ಆ ದೊಡ್ಡತನ ನಮ್ಮ ನಾಯಕರಲ್ಲಿ ಎಷ್ಟು ಜನಕ್ಕಿದೆ? ಅದನ್ನು ಕೇಳಲು ರಮಾಬಾಯಿ ಇರಲಿಲ್ಲ ಅನ್ನುವುದು ಇನ್ನೊಂದು ಮಾತು. ಎಳೆಯ ಗೆಳೆಯರು ಆ ಪುಟವನ್ನು ಬದುಕಿರುವಾಗಲೇ ಬರೆಯಬೇಕು ಅಂತಷ್ಟೆ ನಮ್ಮ ಆಸೆ.

ಮರಾಠಿಯ ಬೇಬಿ ಕಾಂಬಳೆಯವರು 'ಜಿಣಂ ಆಮುಚಂ' ಬರೆದದ್ದನ್ನು ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದರು. ಗಂಡನ ಕಣ್ಣಿಗೆ ಬೀಳದ ಹಾಗೆ, ಅಂಗಡಿಯಲ್ಲಿ ಕೂತು, ಸಾಮಾನು ಕಟ್ಟುವ ಕಾಗದದ ನಡುವೆ ಬರೆದವರು. ಗಂಡನ ಅನುಮಾನ, ಹೊಡೆತ ಇವು ಆ ಪುಸ್ತಕದಲ್ಲಿ ಇಲ್ಲ. ಎಷ್ಟೋ ಕಾಲದ ಮೇಲೆ ಇಂಗ್ಲಿಷ್ ಅನುವಾದದ ಜೊತೆ ಬಂದ ಸಂದರ್ಶನದಲ್ಲಿ (2008) ಕೇಳಿದಾಗ ಹೇಳಿದರು. ಜಾತಿಯ ವಿರುದ್ಧ ಅಷ್ಟು ಎದೆಗಾರಿಕೆಯಿಂದ ಬರೆದ ಹೆಂಗಸಿಗೂ ಮನೆಯ ಮಾತನ್ನು ಮನೆಯೊಳಗೆ ಆಡಲು ಎಡೆ ಸಿಗಲಿಲ್ಲ. ಜನಪದ ಕಥೆಯ ಹೆಂಗಸು ತನ್ನ ಕಥೆಯನ್ನು ಮರೆತಳು, ಇವರು ಮರೆಯಲಿಲ್ಲ. ಅದು ನಮ್ಮ ಪುಣ್ಯ.

ಇನ್ನು ಎಲ್ಲಕ್ಕಿಂತ ಕಠಿಣವಾದ ಗಾಯಕ್ಕೆ ಬರೋಣ. ಜಾತಿ ಮೀರಿ ಮದುವೆಯಾದ ಜೋಡಿಗಳಲ್ಲಿ ಒಂದು ದಿನ ಜಗಳ ಬರುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತಲೋ, ಊರಿಗೆ ಯಾಕೆ ಹೋಗಲಿಲ್ಲ ಅಂತಲೋ ಶುರುವಾದದ್ದು ಬೆಳೆದು ಕೊನೆಗೆ ಒಬ್ಬರ ಬಾಯಲ್ಲಿ ಜಾತಿ ಬಂದುಬಿಡುತ್ತದೆ. ನಿಮ್ಮವರ ಬುದ್ಧಿಯೇ ಇಷ್ಟು ಅಂತ. ಅಷ್ಟೇ ಸಾಕು, ಹೆಸರು ಹಿಡಿದು ಹೇಳಬೇಕಾಗಿಲ್ಲ. ಐದು ವರ್ಷ ಪಟ್ಟ ಪಾಡು ಒಂದು ಗಳಿಗೆಯಲ್ಲಿ ಸುಟ್ಟುಹೋಗುತ್ತದೆ. ಹೇಳಿದವರು ಮರುದಿನ ಕೋಪದಲ್ಲಿ ಅಂದೆ, ಬಿಡು ಅನ್ನುತ್ತಾರೆ. ಕೇಳಿಸಿಕೊಂಡವರು ಬಿಡುವುದಾದರೂ ಹೇಗೆ? ಆ ಮಾತು ಹೊರಗೆ ಸಾವಿರ ಸಲ ಕೇಳಿದ್ದು. ಒಳಗೆ ಕೇಳಬಾರದು ಅಂತಲೇ ಆ ಬಾಗಿಲು ಹಾಕಿಕೊಂಡದ್ದು.

ನಮ್ಮ ಸಾಹಿತ್ಯ ಇಲ್ಲಿಗೆ ಬಂದಿಲ್ಲ ಅಂತಲೇ ಹೇಳಬೇಕು. ಕಲ್ಯಾಣದ ಕಥೆ ನೋಡಿ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ. ಅಪ್ಪಂದಿರಿಬ್ಬರ ಎಳೆಹೂಟೆ ನಮಗೆ ಕಣ್ಣಿಗೆ ಕಟ್ಟಿದಂತಿದೆ. ಆ ಹುಡುಗಿಯ ಹೆಸರೇ ಒಂದು ಕಡೆ ಲಾವಣ್ಯ, ಕಾರ್ನಾಡರ 'ತಲೆದಂಡ'ದಲ್ಲಿ (1990) ಕಳಾವತಿ. ಹಾರುವರ ಮನೆಯಿಂದ ಸಮಗಾರರ ಮನೆಗೆ ಬಂದ ಹುಡುಗಿ ಮೊದಲ ದಿನ ತೊಗಲಿನ ವಾಸನೆಗೆ ಮೂಗು ಮುಚ್ಚಿಕೊಂಡಳೆ? ಮುಚ್ಚಿಕೊಂಡಿದ್ದರೆ ಆ ಹುಡುಗನಿಗೆ ಏನನ್ನಿಸಿತು? ರಾತ್ರಿ ಅವರು ಏನು ಮಾತಾಡಿ ಸರಿಮಾಡಿಕೊಂಡರು? ಕ್ರಾಂತಿ ನಡೆದದ್ದು ಬೀದಿಯಲ್ಲಿ ಅಂತ ಚರಿತ್ರೆ ಹೇಳುತ್ತದೆ. ನಮಗೆ ಆ ಗುಡಿಸಲೊಳಗಿನ ಮಾತು ಬೇಕು. ಯಾಕೆಂದರೆ 2018ರಲ್ಲಿ ಸುಪ್ರೀಂ ಕೋರ್ಟು ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕು, ಸುರಕ್ಷಿತ ಮನೆ ಒದಗಿಸುವುದನ್ನು ಯೋಚಿಸಬೇಕು ಅಂತ ಸರ್ಕಾರಗಳಿಗೆ ಹೇಳಿದೆ. ಪೊಲೀಸರು ಬಾಗಿಲು ಕಾಯಬಹುದು. ಬಾಗಿಲ ಒಳಗೆ ಆ ಪದ ಬಂದರೆ ಯಾವ ಕೋರ್ಟು?

ಇಲ್ಲಿ ನಮಗೆ ಲಕ್ಕಮ್ಮನ ಮಾತೇ ದಾರಿ ತೋರಿಸಿತು. ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ. ಆ ಪದ ಹೇಳಿದವರು ಅದನ್ನು ಹುಟ್ಟಿಸಲಿಲ್ಲ. ಅದು ಅವರ ಮನೆಯ ಜಗಲಿಯಿಂದ, ಅಜ್ಜಿಯ ಬಾಯಿಂದ, ಊಟದ ಪಂಕ್ತಿಯಿಂದ ಆಯ್ದು ತಂದದ್ದು. ಕೋಣೆಯೊಳಗೆ ಕಿವಿಯಲ್ಲಿ ಕ್ಷಮಿಸು ಅಂದರೆ ಅದು ಅಲ್ಲಿಗೆ ವಾಪಸ್ಸು ಹೋಗುವುದಿಲ್ಲ. ಯಾವ ಪದ ಅಂದೆ ಅಂತ ಮೊದಲು ಬಾಯಿಬಿಟ್ಟು ಹೇಳಬೇಕು, ಏನೋ ಅಂದುಬಿಟ್ಟೆ ಅಂತ ತೇಲಿಸಬಾರದು. ಎಲ್ಲಿ ಕಲಿತೆ ಅಂತ ಹೇಳಬೇಕು. ಆಮೇಲೆ ಹಬ್ಬಕ್ಕೆ ಊರಿಗೆ ಹೋದಾಗ ಆ ಜಗಲಿಯ ಮೇಲೆ ಅದೇ ಪದ ಬಂದರೆ, ಗಂಡನೋ ಹೆಂಡತಿಯೋ ಪಕ್ಕದಲ್ಲಿರಲಿ ಇಲ್ಲದಿರಲಿ, ಅಲ್ಲೇ ಎದ್ದು ನಿಂತು ಬೇಡ ಅನ್ನಬೇಕು. ಕೇಳಿಸಿಕೊಂಡವರಿಗೆ ನಂಬಿಕೆ ವಾಪಸ್ಸು ಬರೋದು ಆ ಸುದ್ದಿ ಬೇರೆ ಯಾರಿಂದಲೋ ಕಿವಿಗೆ ಬಿದ್ದಾಗ. ಕೇಳಿಸಿಕೊಂಡವರ ಮೇಲೂ ಒಂದು ಕೆಲಸ ಇದೆ. ಇದು ನಿನ್ನ ಮನಸ್ಸೋ, ಹೊರಗಿನವರು ಚೆಲ್ಲಿದ್ದೋ ಎಂದು ಒಂದು ಸಲ ಕೇಳುವುದು. ಉತ್ತರ ನಿನ್ನ ಮನಸ್ಸೇ ಎಂದು ಬಂದರೆ, ಆ ಮನೆ ಬಿಟ್ಟು ನಡೆಯಲು ಅವರಿಗೆ ಪೂರ್ತಿ ಹಕ್ಕಿದೆ. ಕೂಡಿಸಲೇಬೇಕು ಅನ್ನುವ ಹಟ ಲಕ್ಕಮ್ಮನಲ್ಲೂ ಇಲ್ಲ. ಹೆಚ್ಚಿನ ಅಕ್ಕಿ ಒಲೆಯ ಮೇಲೆ ಇಡೋದಿಲ್ಲ ಅನ್ನುವುದಷ್ಟೇ ಅವಳ ಹಟ.

ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಪ್ರತಿ ವಚನದ ಕೊನೆಗೆ, ಗಂಡನನ್ನು ಗದರಿಸಿದ ವಚನದ ಕೊನೆಗೂ, ಅವನ ಹೆಸರು ಪ್ರೀತಿಯಿಂದ ಬರುತ್ತದೆ. ಮಾರಯ್ಯನ ಅಂಕಿತ ಬರೀ 'ಅಮರೇಶ್ವರಲಿಂಗ'. ಅದರಲ್ಲಿ ಅವಳ ಹೆಸರಿಲ್ಲ.

ಮುಂದಿನ ತಿಂಗಳು ನಮ್ಮ ಓದಿನ ಬಳಗದಲ್ಲಿ ಈ ಇಬ್ಬರ ವಚನಗಳನ್ನು ಎದುರುಬದುರು ಇಟ್ಟು ಓದೋದು ಅಂತ ಮಾಡಿದ್ದೇವೆ. ಲಕ್ಕಮ್ಮನದನ್ನು ಗಂಡಸರು ಓದಬೇಕು, ಮಾರಯ್ಯನದನ್ನು ಹೆಂಗಸರು. ಮದುವೆಯಾದವರು ಇಬ್ಬರೂ ಬರಬೇಕು, ಗಂಡಸು ಒಬ್ಬನೇ ಬರೋದಾದರೆ ಬೇಡ. ಕೂಸುಗಳನ್ನು ನೋಡಿಕೊಳ್ಳಲು ಹಾಸ್ಟೆಲಿನ ಇಬ್ಬರು ಹುಡುಗರು ಒಪ್ಪಿದ್ದಾರೆ. ಚಹಾ ಮಾಡುವ ಪಾಳಿ ಗಂಡಸರದು.